ಸೊಗದೆ ಬೇರೂ ಮಾಗಳಿ ಬೇರೂ ಒಂದೇ ಅಲ್ಲವೇ?

ಬೇಸಿಗೆ ಬಂತೆಂದರೆ ಪರಿಚಿತರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯಿದು: ಗ್ರಂಥಿಗೆ ಅಂಗಡಿಯವರು ಸೊಗದೆ ಬೇರೆಂದು ಕೊಡುವುದಕ್ಕೂ ಮನೆಯಲ್ಲಿ ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿಗೂ ಒಂದೇ ವಾಸನೆಯಿರುವಾಗ ಎರಡೂ ಒಂದೇ ಅಲ್ಲವೇ? ಅಲ್ಲ.

ಇವೆರಡೂ ಹಾಲು ಸುರಿಸುವ ಬಳ್ಳಿಗಳು, ಒಂದೇ ಸಸ್ಯಕುಟುಂಬದವು. ಎರಡರ ಪರಿಮಳಕ್ಕೂ ಮುಖ್ಯ ಕಾರಣ ಒಂದೇ ರಾಸಾಯನಿಕ. ವೆನಿಲಾಗೆ ಪರಿಮಳ ಕೊಡುವ ವೆನಿಲಿನ್‌ಗೂ ಅದಕ್ಕೂ ಅಣುಸೂತ್ರ ಒಂದೇ, ಜೋಡಣೆ ಮಾತ್ರ ಬೇರೆ. ಆದ್ದರಿಂದ ಮೂಗಿನ ಸಾಕ್ಷಿ ಇಲ್ಲಿ ನಡೆಯದು, ಕಣ್ಣನ್ನೇ ನಂಬಬೇಕು. ಸೊಗದೆ ಬೇರು ಪೆನ್ಸಿಲ್ಲಿಗಿಂತ ಸಣ್ಣಗೆ, ಕಪ್ಪುಗಂದು ಬಣ್ಣದಲ್ಲಿ ಉದ್ದಕ್ಕೆ ಅಂಕುಡೊಂಕಾಗಿರುತ್ತದೆ. ಒಣಗಿದಾಗ ಸಿಪ್ಪೆ ಅಡ್ಡಡ್ಡವಾಗಿ ಬಿರಿದಿರುತ್ತದೆ. ಮಾಗಳಿಯಾದರೋ ಹೆಬ್ಬೆರಳಿಗಿಂತ ದಪ್ಪ, ಮೈತುಂಬ ತಿರುಳು, ನಡುವೆ ಕಟ್ಟಿಗೆಯಂಥ ದಿಂಡು. ಆ ದಿಂಡನ್ನು ತೆಗೆದೆಸೆದು, ಉಳಿದುದನ್ನು ಹೆಚ್ಚಿ, ಸಾಸಿವೆ ಮೆಣಸಿನ ಖಾರದೊಡನೆ ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಹಾಕುತ್ತಾರೆ. (ಇದರಲ್ಲಿ ತಿಗಣೆ ವಾಸನೆ ಕಾಣುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ.)

ಆಯುರ್ವೇದವು ಸಾರಿವಾ, ಅನಂತಮೂಲ ಎಂದು ಹೊಗಳುವುದು ಸಣ್ಣ ಬೇರನ್ನು, ಅಂದರೆ ಸೊಗದೆಯನ್ನು. ಸಿಹಿ ರಸ, ಸ್ನಿಗ್ಧ (ಜಿಡ್ಡಿನ) ಗುಣ, ಶೀತ ವೀರ್ಯ (ಮೈಗೆ ತಂಪು) ಇದರವು. ರಕ್ತಶೋಧಕವೆಂದು ಚರ್ಮದ ತೊಂದರೆಗಳಿಗೆ ಬಳಸುವ ಸಾರಿಬಾದ್ಯಾಸವಕ್ಕೆ ಹೆಸರು ಬಂದದ್ದೂ ಇದರಿಂದಲೇ. ಚರಕಸಂಹಿತೆ ಇದನ್ನು ಮೈಬಣ್ಣ ಹೆಚ್ಚಿಸುವ, ಗಂಟಲಿಗೆ ಹಿತವಾದ, ಜ್ವರ ಇಳಿಸುವ, ಎದೆಹಾಲನ್ನು ಶುದ್ಧಗೊಳಿಸುವ, ಉರಿ ಶಮನಗೊಳಿಸುವ ಗುಂಪುಗಳಲ್ಲೆಲ್ಲ ಸೇರಿಸಿದೆ. ಆದರೆ ಇದನ್ನು ಅಗೆದು ಒಂದು ಕಿಲೋ ಕೂಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮಾಗಳಿಯ ಒಂದು ಬುಡವೇ ಕಿಲೋಗಟ್ಟಲೆ ತೂಗುತ್ತದೆ. ಸೊಗದೆಯ ಹೆಸರಿನಲ್ಲಿ ಮಾಗಳಿ ಮಾರಲು ವ್ಯಾಪಾರಕ್ಕೆ ಇಷ್ಟು ಸಾಕಲ್ಲವೇ! ಸೊಗದೆಯಿಂದ ಮಾಡುವ ನನ್ನಾರಿ ಶರಬತ್ತಿಗೆ ಮಾಗಳಿ ಬಿದ್ದರೆ ರುಚಿಗೇನೂ ಕುಂದಿಲ್ಲ, ಆದರೆ ಕಷಾಯಕ್ಕೆಂದು ಕೊಂಡಾಗ ಹೀಗೆ ಬದಲಾಗುವುದನ್ನು ನಾನು ಒಪ್ಪಲಾರೆ. ಬಿಳಿಗಿರಿರಂಗನ ಬೆಟ್ಟದಂಥ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಮಾಗಳಿಗೂ ಇದರಿಂದ ಕೇಡೇ; ಬುಡವನ್ನು ಪೂರಾ ಕಿತ್ತರೆ ಬಳ್ಳಿ ಮತ್ತೆ ಚಿಗುರುವುದಿಲ್ಲ.

ಸರಿಯಾದ ಬೇರು ಸಿಕ್ಕಿದ ಮೇಲೂ ಅದನ್ನು ಗಂಟೆಗಟ್ಟಲೆ ಕುದಿಸಿದರೆ ಪರಿಮಳವೆಲ್ಲ ಆವಿಯೊಡನೆ ಹೋಗುತ್ತದೆ. ಜಜ್ಜಿದ ಬೇರನ್ನು ಅದರ ಆರರಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಗ್ಗೆ ಸೋಸುವ 'ಹಿಮ'ವೇ ಇದಕ್ಕೆ ಒಪ್ಪುವ ಕ್ರಮ. ಬಸುರಿಯರು ಮತ್ತು ದಿನವೂ ಬೇರೆ ಔಷಧಿ ಸೇವಿಸುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.