ಅಂಗಳದ ದೀಪಕ್ಕೆ ಕುಲಾವಿ: ನಾಲ್ಕನೇ ವಾರ

ನವನಗರದ ನಮ್ಮ ಸೆಕ್ಟರ್‌ನ ವಾಲಿಬಾಲ್ ಅಂಗಳಕ್ಕೆ ಫ್ಲಡ್‌ಲೈಟ್ ಬಂದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ಬಾಗಲಕೋಟೆಯ ಬೇಸಿಗೆಯಲ್ಲಿ ಹುಡುಗರು ಹೊತ್ತು ಮುಳುಗಿದ ಮೇಲೆಯೇ ಆಡಬೇಕು. ಆದರೆ ಚೆಂಡು ನೋಡಲು ತಲೆ ಎತ್ತಿದವನ ಕಣ್ಣು ಕುಕ್ಕುತ್ತಿತ್ತು. ಎದುರು ಮನೆಯ ಅಜ್ಜಿ ನಿದ್ದೆ ಬಾರದೆ ಕಿಟಕಿಗೆ ಕೌದಿ ಕಟ್ಟಿದ್ದರು. ಆ ಕೌದಿ ಕಂಡ ದಿನವೇ ಬೆಳಕನ್ನು ಅಂಗಳದಲ್ಲೇ ನಿಲ್ಲಿಸುವ ಈ ಕೆಲಸ ಹಿಡಿದೆ.

ಮೊದಲ ವಾರ ಬರೀ ಅಳತೆ. ಮೊಬೈಲ್ ಆ್ಯಪ್ ನಂಬದೆ ಬೆಳಕು ಅಳೆಯುವ ಲಕ್ಸ್ ಮೀಟರ್ ತರಿಸಿದೆ. ಅಂಗಳದ ನಡುವೆ 165 ಲಕ್ಸ್, ಅಜ್ಜಿಯ ಕಿಟಕಿಯಲ್ಲಿ 30. ನೆತ್ತಿಯ ಮೇಲಿನ ಹುಣ್ಣಿಮೆ ಚಂದ್ರ ಕೊಡುವುದು ಅರ್ಧ ಲಕ್ಸ್‌ಗಿಂತ ಕಡಿಮೆ!

ತಪ್ಪು ದೀಪದ ಓರೆಯಲ್ಲಿತ್ತು. 8 ಮೀಟರ್ ಎತ್ತರದ ನಾಲ್ಕು ಕಂಬ, ಪಕ್ಕದ ಗೆರೆಯಿಂದ 4 ಮೀಟರ್ ಆಚೆ. ತುದಿಗೆರೆಯ ಹಿಂದೆ ನೆಟ್ಟಿಲ್ಲವೆಂಬುದೇ ಪುಣ್ಯ, ಇಲ್ಲದಿದ್ದರೆ ಎದುರು ತಂಡದ ಕಣ್ಣಿಗೇ ನೇರ ಬಡಿಯುತ್ತಿತ್ತು. ಅಂಗಳ 18ಕ್ಕೆ 9 ಮೀಟರ್. ಅದರ ನಡುವಿಗೆ ಗುರಿ ಇಟ್ಟರೆ ದೀಪ ನೆಟ್ಟಗೆ ಕೆಳಗಿನಿಂದ ಸುಮಾರು 47 ಡಿಗ್ರಿ ಓರೆಯಾದರೆ ಸಾಕು. ನಮ್ಮವು 75 ಡಿಗ್ರಿ ಮೋರೆ ಎತ್ತಿ ಮನೆಗಳನ್ನೇ ನೋಡುತ್ತಿದ್ದವು. ಏಣಿ ಹತ್ತಿ ಎಂಟೂ ದೀಪ ಬಗ್ಗಿಸಿದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಇವುಗಳ ಬೆಳಕು 120 ಡಿಗ್ರಿ ಹರಡುತ್ತದೆ, ಅಂದರೆ ಆಚೀಚೆ 60. 47ಕ್ಕೆ 60 ಕೂಡಿಸಿದರೆ 107. ತೊಂಬತ್ತು ದಾಟಿದ್ದೆಲ್ಲ ಆಕಾಶದ ಪಾಲು. ಅದಕ್ಕೇ ಪ್ರತಿ ದೀಪದ ಮೇಲಂಚಿಗೆ ಮುಂದೆ ಚಾಚಿದ ತಗಡಿನ ಕುಲಾವಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ. ಹಿಂಬದಿಯ ಶಾಖ ಬಿಡುವ ರೆಕ್ಕೆಗಳನ್ನು ಮುಚ್ಚಲಿಲ್ಲ, ಅವು ಉಸಿರಾಡದಿದ್ದರೆ ಎಲ್‌ಇಡಿ ಬೇಗ ಸಾಯುತ್ತದೆ.

ಮೂರನೇ ವಾರ ಸೋತೆ. ಉತ್ಸಾಹದಲ್ಲಿ ಕುಲಾವಿಯನ್ನು 35 ಸೆಂಟಿಮೀಟರ್ ಉದ್ದ ಕತ್ತರಿಸಿದ್ದೆ. ಆಚೆಯ ಗೆರೆ ಮಬ್ಬಾಯಿತು, ರಾತ್ರಿ ಗಾಳಿಗೆ ತಗಡು ಗಡಗಡ ಸದ್ದು ಮಾಡಿ ಅಜ್ಜಿಗೆ ಮತ್ತೊಂದು ಕಾಟ. ಆಮೇಲೆ ಲೆಕ್ಕ ಹಾಕಿದೆ: ದೀಪದ ಮುಖ 20 ಸೆಂಟಿಮೀಟರ್, ದೀಪದ ಮಟ್ಟಕ್ಕಿಂತ ಮೇಲೆ ಬೆಳಕು ಹೋಗದಂತೆ ತಡೆಯಲು 21 ಸಾಕು. ಮತ್ತೆ ಕತ್ತರಿಸಿ, ರಬ್ಬರ್ ವಾಷರ್ ಹಾಕಿ ಬಿಗಿದೆವು.

ಈಗ ನಡುವೆ 190, ಕಿಟಕಿಯಲ್ಲಿ 3. ವಿದ್ಯುತ್ತು ಅಷ್ಟೇ. ತೀರಾ ಮೇಲೆ ಹಾರಿದ ಚೆಂಡು ಕ್ಷಣಹೊತ್ತು ಮಬ್ಬಾಗುತ್ತದೆ ಎಂದು ಸೆಟ್ಟರ್ ಹುಡುಗನ ದೂರು. ಅದು ನಿಜ, ಕುಲಾವಿಯ ಗೆರೆಗಿಂತ ಮೇಲೆ ಬೆಳಕಿಲ್ಲ. ಕಂಬ ಎತ್ತರಿಸದೆ ಅದಕ್ಕೆ ದಾರಿ ಕಾಣುತ್ತಿಲ್ಲ.

ಇನ್ನುಳಿದದ್ದು ಬಣ್ಣ. ಈ ದೀಪಗಳು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ), ನೀಲಿ ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ಹುಳವನ್ನೂ ಸೆಳೆಯುತ್ತದೆ. ವಂತಿಗೆ ಕೂಡಿದರೆ ಮುಂಗಾರಿನ ಮೊದಲು 3000ಕ್ಕೆ ಬದಲಿಸುವ ಆಸೆ.

ರಾತ್ರಿ ಒಂಬತ್ತೂವರೆಗೆ ದೀಪ ಆರುವಂತೆ ಟೈಮರ್ ಹಾಕಿದ್ದೇವೆ. ಫೆಬ್ರವರಿಯ ಈ ದಿನಗಳಲ್ಲಿ ಅಗಸ್ತ್ಯ ನಕ್ಷತ್ರ ಸರಿಯಾಗಿ ಅದೇ ಹೊತ್ತಿಗೆ ದಕ್ಷಿಣದಲ್ಲಿ ತನ್ನ ಎತ್ತರ ಮುಟ್ಟುತ್ತದೆ. ನಮ್ಮೂರಿಗೆ ಅದು ದಿಗಂತದಿಂದ ಬರೀ 21 ಡಿಗ್ರಿ, ಹಾಗಾಗಿ ಊರ ಬೆಳಕಿನ ಅಡ್ಡಿ ಅದಕ್ಕೆ ಹೆಚ್ಚು. ನಿನ್ನೆ ನೆಟ್ ಬಿಚ್ಚುತ್ತಿದ್ದ ಹುಡುಗರಿಗೆ ತೋರಿಸಿದೆ. ಅಜ್ಜಿಯ ಕಿಟಕಿಯಲ್ಲಿ ಕೌದಿ ಇರಲಿಲ್ಲ.