ಸನ್ನಿಸೈಡ್ ನೋಡಲು ಹೊರಟವರಿಗೆ

ಮಡಿಕೇರಿಗೆ ಬಂದವರು ರಾಜಾಸೀಟ್, ಅಬ್ಬಿ ಜಲಪಾತ ಮುಗಿಸಿ, ಸಂಜೆ ಉಳಿದ ಅರ್ಧ ಗಂಟೆಯನ್ನು ಜನರಲ್ ತಿಮ್ಮಯ್ಯನವರ ಮನೆ-ಮ್ಯೂಸಿಯಂ ಸನ್ನಿಸೈಡ್‌ಗೆ ಕೊಡುತ್ತಾರೆ. ಅದು ಸಾಲದು. ಬೆಳಿಗ್ಗೆಯೇ ಹೋಗಿ, ಎರಡು ಗಂಟೆ ಇಟ್ಟುಕೊಳ್ಳಿ. ಆಟೋದವರಿಗೆ ಬರೀ ‘ತಿಮ್ಮಯ್ಯ’ ಎಂದರೆ ತಿಮ್ಮಯ್ಯ ವೃತ್ತ ಎಂದುಕೊಂಡಾರು. ‘ಸನ್ನಿಸೈಡ್ ಮ್ಯೂಸಿಯಂ’ ಎನ್ನಿ.

ಇದು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ. ಮುಂದೆ ಬಹುಕಾಲ ಇಲ್ಲಿ ಆರ್‌ಟಿಒ ಕಚೇರಿ ಇತ್ತು. ಲೈಸೆನ್ಸಿಗಾಗಿ ಜನ ಸಾಲು ನಿಲ್ಲುತ್ತಿದ್ದ ಕಟ್ಟಡವನ್ನು ಮತ್ತೆ ಅವರ ಹೆಸರಿಗೆ ತಂದು, ವಸ್ತುಸಂಗ್ರಹಾಲಯವಾಗಿ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಕೆಡವಿ ಹೊಸ ಭವನ ಕಟ್ಟದೆ ಮನೆಯನ್ನೇ ಉಳಿಸಿಕೊಂಡದ್ದು ಇಲ್ಲಿ ನಡೆದ ದೊಡ್ಡ ಕೆಲಸ.

ಹೊರಗೆ ನಿಂತ ಟಿ-55 ಟ್ಯಾಂಕ್ ಮತ್ತು ಮಿಗ್ ವಿಮಾನದ ಮುಂದೆ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ಅವನ್ನು ಕೊನೆಗಿಟ್ಟುಕೊಂಡು ಮೊದಲು ಒಳಗೆ ನಡೆಯಿರಿ. ಕೆಲವು ವರ್ಷಗಳನ್ನು ತಿಳಿದು ಹೋದರೆ ಚಿತ್ರಗಳು ತಾವೇ ಮಾತಾಡುತ್ತವೆ: 1906ರಲ್ಲಿ ಜನನ, 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷತೆ, 1957ರಿಂದ 61ರವರೆಗೆ ಭೂಸೇನೆಯ ಮುಖ್ಯಸ್ಥ, 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದಾಗಲೇ ಮರಣ. ಎಲ್ಲಕ್ಕಿಂತ ಮುಖ್ಯ 1948ರ ನವೆಂಬರ್ 1ರ ಕಾಶ್ಮೀರದ ಜೋಜಿಲಾ ಕದನ. ಹನ್ನೊಂದು ಸಾವಿರ ಅಡಿಗೂ ಎತ್ತರದ ಆ ಕಣಿವೆದಾರಿಗೆ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳನ್ನು, ಫಿರಂಗಿ ಇರುವ ಮೇಲಿನ ಗೋಪುರ ಕಳಚಿ, ಗುಟ್ಟಾಗಿ ಸಾಗಿಸಿದ್ದರು. ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿ ಕರೆದೊಯ್ಯಿರಿ. ಹೊರಬಂದು ಸುಮಾರು 36 ಟನ್ನಿನ ಟಿ-55 ನೋಡುವಾಗ, ಟ್ಯಾಂಕನ್ನು ಅಷ್ಟು ಎತ್ತರಕ್ಕೆ ಏರಿಸಿದ್ದರ ಬೆಲೆ ತಿಳಿಯುತ್ತದೆ.

ಒಳಗೆ ಫ್ಲಾಷ್ ಬಳಸಬೇಡಿ, ಗಾಜಿನ ಪೆಟ್ಟಿಗೆಗೆ ಕೈ ಒರಗಿಸಬೇಡಿ, ಒದ್ದೆ ಕೊಡೆಯನ್ನು ಬಾಗಿಲಲ್ಲೇ ಬಿಡಿ. ಕೊಡಗಿನಂಥ ಊರಿನಲ್ಲಿ ಹಳೆಯ ವಸ್ತುಗಳ ಮೊದಲ ಶತ್ರು ತೇವ. ಗಾಳಿಯ ಆರ್ದ್ರತೆ ಶೇಕಡ 65 ದಾಟಿ ದಿನಗಟ್ಟಲೆ ನಿಂತರೆ ಉಣ್ಣೆಯ ಸಮವಸ್ತ್ರ, ಚರ್ಮದ ಬೆಲ್ಟ್, ಹಳೆಯ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪದಕದ ರಿಬ್ಬನ್ನಿನ ಬಣ್ಣ ಬಿಸಿಲಿಗೆ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಬಟ್ಟೆಗೆ ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಬೆಳಕಿನ ಅಳತೆ) ಮಂದ ಬೆಳಕು ಸಾಕು. ಇಂಥ ಹಳೆಯ ಮನೆಯನ್ನು ಉಳಿಸುವುದಕ್ಕೂ ಎಚ್ಚರ ಬೇಕು. ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ನೀರು ಆರದೆ ಗೋಡೆ ಉದುರುತ್ತದೆ. ಹಂಚಿನ ಮಾಡು ಸೋರುವುದು ಹೆಚ್ಚಾಗಿ ಒಡೆದ ಹಂಚು, ಪಾಚಿ ಮತ್ತು ಎರಡು ಮಾಡು ಕೂಡುವ ಕಣಿವೆಯಲ್ಲಿ ಕಟ್ಟಿಕೊಂಡ ಎಲೆಗಳಿಂದ. ಮಳೆಗಾಲಕ್ಕೆ ಮುಂಚೆಯೇ ಗುಡಿಸಬೇಕು.

ಮಧ್ಯಾಹ್ನ ಕೋಟೆಗೆ ಹೋಗಿ. ಕೊಡಗಿನ ಅರಸ ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗಿನ ಅರಮನೆ 1812–14ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಇಂಗ್ಲಿಷರ ಕಾಲದ ಚರ್ಚಿನಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಸೋಮವಾರ ಬೇಡ, ರಜೆ.

ಮೈಸೂರಿನಿಂದ ಹುಣಸೂರು, ಕುಶಾಲನಗರದ ಮೇಲೆ ಸುಮಾರು 120 ಕಿ.ಮೀ., ಬಸ್ಸಿಗೆ ಮೂರು ಗಂಟೆ. ಹತ್ತಿರದ ದೊಡ್ಡ ರೈಲು ನಿಲ್ದಾಣವೂ ಮೈಸೂರೇ. ಅಕ್ಟೋಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರು ಕಡೆಯಿಂದ ಬರುವವರು ಸಂಪಾಜೆ ಘಾಟಿ ತೆರೆದಿದೆಯೇ ಎಂದು ಹೊರಡುವ ದಿನವೇ ವಿಚಾರಿಸಿ. ಮಣ್ಣು ಜರಿದರೆ ವಾಹನ ಬಿಡುವುದಿಲ್ಲ.