ಹದಿನಾರು ಗುಂಡು, ಹದಿನಾರು ಆರೋಪ: ಷಿಕಾಗೋದ ಒಂದು ವಿಚಾರಣೆ

2018ರ ಅಕ್ಟೋಬರ್ 5ರಂದು ಷಿಕಾಗೋದ ಕ್ರಿಮಿನಲ್ ನ್ಯಾಯಾಲಯದಲ್ಲಿ 17 ವರ್ಷದ ಹುಡುಗನೊಬ್ಬನನ್ನು ಗುಂಡು ಹಾರಿಸಿ ಕೊಂದ ಜೇಸನ್ ವ್ಯಾನ್ ಡೈಕ್ ಎಂಬ ಪೊಲೀಸ್ ಅಧಿಕಾರಿಯ ಮೇಲಿನ ಮೊಕದ್ದಮೆಯ ತೀರ್ಪನ್ನು ಓದಿದಾಗ, ಕೊಲೆಯ ಆರೋಪಕ್ಕೆ ಸಂಬಂಧಿಸಿದ ತೀರ್ಮಾನವಾದ ಮೇಲೆ ‘ತಪ್ಪಿತಸ್ಥ’ ಎಂಬ ಮಾತು ಮತ್ತೆ 16 ಬಾರಿ ಕೇಳಿಬಂತು. ಮೊದಲ ಗುಂಡಿಗೆ, ಎರಡನೆಯದಕ್ಕೆ, ಹೀಗೆ ಕೊನೆಯದರವರೆಗೆ ಒಂದೊಂದಕ್ಕೂ ಪ್ರತ್ಯೇಕವಾದ ಆರೋಪವಿತ್ತು, ಪ್ರತ್ಯೇಕವಾದ ಉತ್ತರವಿತ್ತು. ಕರ್ತವ್ಯದ ಮೇಲಿದ್ದಾಗ ನಡೆಸಿದ ಗುಂಡಿನ ದಾಳಿಗಾಗಿ ಷಿಕಾಗೋದ ಪೊಲೀಸ್ ಅಧಿಕಾರಿಯೊಬ್ಬ ಕೊಲೆಯ ಅಪರಾಧಿಯೆನಿಸಿದ್ದು ಸುಮಾರು ಐವತ್ತು ವರ್ಷಗಳಲ್ಲಿ ಅದೇ ಮೊದಲು. ಈ ವಿಚಾರಣೆಯ ಬಗ್ಗೆ ಬರೆದವರೆಲ್ಲ ಸಹಜವಾಗಿಯೇ ಘಟನೆಯನ್ನು ಸೆರೆಹಿಡಿದ ಪೊಲೀಸ್ ವಿಡಿಯೋದ ಬಗ್ಗೆ ಹೆಚ್ಚು ಬರೆದಿದ್ದಾರೆ. ನನ್ನನ್ನು ಬಿಡದೆ ಕಾಡಿರುವುದು ಮಾತ್ರ ಈ ಎಣಿಕೆ. ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಮಂಡಳಿ, ಅಷ್ಟು ಶ್ರದ್ಧೆಯಿಂದ ಎಣಿಸಿದ್ದನ್ನು ಮೂರೂವರೆ ತಿಂಗಳ ನಂತರ ಶಿಕ್ಷೆ ವಿಧಿಸುವ ಹಂತದಲ್ಲಿ ಕಾನೂನು ಬದಿಗಿಟ್ಟ ರೀತಿಯನ್ನು ನಾನು ಇಂದಿಗೂ ಒಪ್ಪಲಾರೆ.

ಘಟನೆ ನಡೆದದ್ದು 2014ರ ಅಕ್ಟೋಬರ್ 20ರ ರಾತ್ರಿ, ನಗರದ ನೈರುತ್ಯ ಭಾಗದ ಪುಲಾಸ್ಕಿ ರಸ್ತೆಯಲ್ಲಿ. ಲಾರಿಗಳನ್ನು ನಿಲ್ಲಿಸುವ ಜಾಗವೊಂದರಲ್ಲಿ ಯಾರೋ ಕಳ್ಳತನಕ್ಕೆ ಯತ್ನಿಸುತ್ತಿದ್ದಾನೆ, ಅವನ ಕೈಯಲ್ಲಿ ಚಾಕು ಇದೆ ಎಂಬ ದೂರಿನ ಮೇಲೆ ಪೊಲೀಸರು ಬಂದರು. ಅವರಿಗೆ ಕಂಡವನು 17 ವರ್ಷದ ಕಪ್ಪು ಹುಡುಗ ಲಕ್ವಾನ್ ಮೆಕ್‌ಡೊನಾಲ್ಡ್. ಅವನ ಬಳಿ ಸುಮಾರು ಮೂರು ಅಂಗುಲದ ಅಲಗಿನ ಮಡಿಸುವ ಚಾಕು ಇದ್ದದ್ದು ನಿಜ. ಅದರಿಂದ ಪೊಲೀಸ್ ವಾಹನವೊಂದರ ಟೈರಿಗೆ ಚುಚ್ಚಿದ್ದು, ಗಾಜಿಗೆ ಹೊಡೆದದ್ದು ನಿಜ. ಅವನ ರಕ್ತದಲ್ಲಿ ಪಿಸಿಪಿ ಎಂಬ ಮಾದಕವಸ್ತು ಇದ್ದದ್ದೂ ನಿಜ. ಮೊದಲು ಬಂದ ಅಧಿಕಾರಿಗಳು ಅಂತರ ಕಾಯ್ದುಕೊಂಡು ಅವನನ್ನು ಹಿಂಬಾಲಿಸುತ್ತ, ವಿದ್ಯುತ್ ಆಘಾತ ನೀಡುವ ಟೇಸರ್ ಇರುವ ತಂಡವನ್ನು ಕಳುಹಿಸುವಂತೆ ಕೇಳಿಕೊಂಡಿದ್ದರು. ಟೇಸರ್ ಬರುವ ಮೊದಲೇ ವ್ಯಾನ್ ಡೈಕ್ ಮತ್ತು ಅವನ ಜೊತೆಗಾರ ಬಂದರು. ವಾಹನದಿಂದ ಇಳಿದ ಸುಮಾರು ಆರು ಸೆಕೆಂಡುಗಳಲ್ಲಿ ವ್ಯಾನ್ ಡೈಕ್ ಗುಂಡು ಹಾರಿಸಲು ತೊಡಗಿದ. 14-15 ಸೆಕೆಂಡುಗಳಲ್ಲಿ ಪಿಸ್ತೂಲಿನಲ್ಲಿದ್ದ 16 ಗುಂಡುಗಳೂ ಮುಗಿದವು. ಆ ಅವಧಿಯ ಬಹುಪಾಲು ಹುಡುಗ ನೆಲದ ಮೇಲೆ ಬಿದ್ದಿದ್ದ. ಮತ್ತೆ ಗುಂಡು ತುಂಬಿಸಿಕೊಳ್ಳಲು ಹೊರಟ ವ್ಯಾನ್ ಡೈಕ್‌ನನ್ನು ತಡೆದವನು ಅವನ ಜೊತೆಗಾರ. ಸ್ಥಳದಲ್ಲಿದ್ದ ಬೇರೆ ಯಾವ ಅಧಿಕಾರಿಯೂ ಒಂದೇ ಒಂದು ಗುಂಡು ಹಾರಿಸಲಿಲ್ಲ.

ಇಷ್ಟನ್ನು ಈಗ ನಿಶ್ಚಿತವಾಗಿ ಹೇಳಲು ಸಾಧ್ಯವಾಗಿರುವುದು ಪೊಲೀಸ್ ವಾಹನದ ಮುಂಭಾಗದ ಕ್ಯಾಮೆರಾ ಸೆರೆಹಿಡಿದ, ಧ್ವನಿಯಿಲ್ಲದ ದೃಶ್ಯದಿಂದ. ಹುಡುಗ ಚಾಕು ಎತ್ತಿಕೊಂಡು ಮೈಮೇಲೆ ಬಂದ ಎಂಬ ಅರ್ಥದ ವರದಿಗಳನ್ನೇ ಅಂದು ಪೊಲೀಸರು ಬರೆದಿದ್ದರು. ದೃಶ್ಯದಲ್ಲಿ ಅವನು ಪೊಲೀಸರಿಂದ ಓರೆಯಾಗಿ ದೂರ ಸರಿಯುತ್ತ ನಡೆಯುತ್ತಿದ್ದಾನೆ. 2015ರ ಫೆಬ್ರುವರಿಯಲ್ಲಿ ಪತ್ರಕರ್ತ ಜೇಮಿ ಕಾಲ್ವೆನ್ ಮರಣೋತ್ತರ ಪರೀಕ್ಷೆಯ ವರದಿಯನ್ನು ಬಯಲಿಗೆ ತಂದ ಮೇಲೆಯೇ 16 ಎಂಬ ಸಂಖ್ಯೆ ಊರಿಗೆ ತಿಳಿದದ್ದು. ಏಪ್ರಿಲ್‌ನಲ್ಲಿ ನಗರಸಭೆ, ಮೊಕದ್ದಮೆ ಹೂಡುವ ಮೊದಲೇ, ಕುಟುಂಬಕ್ಕೆ 50 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಗೆ ನೀಡಿತು, ಆದರೆ ವಿಡಿಯೋ ಹೊರಬರಲಿಲ್ಲ. ಬ್ರ್ಯಾಂಡನ್ ಸ್ಮಿತ್ ಎಂಬ ಸ್ವತಂತ್ರ ಪತ್ರಕರ್ತ ಮಾಹಿತಿ ಹಕ್ಕಿನ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗಿ, ಅದನ್ನು ಬಿಡುಗಡೆ ಮಾಡಲೇಬೇಕೆಂದು ನ್ಯಾಯಾಧೀಶರು ಆದೇಶಿಸಿದ ಮೇಲೆ, 2015ರ ನವೆಂಬರ್ 24ರಂದು ಜನ ಅದನ್ನು ನೋಡಿದರು. ವ್ಯಾನ್ ಡೈಕ್‌ನ ಮೇಲೆ ಕೊಲೆಯ ಆರೋಪ ದಾಖಲಾದದ್ದೂ ಅದೇ ದಿನ. ದೃಶ್ಯ 13 ತಿಂಗಳ ಕಾಲ ಅಧಿಕಾರದಲ್ಲಿದ್ದವರ ಕೈಯಲ್ಲೇ ಇತ್ತು ಎಂಬುದನ್ನು ನೆನೆದರೆ, ಒಬ್ಬ ಪತ್ರಕರ್ತ ಪಟ್ಟು ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಪೊಲೀಸ್ ಮುಖ್ಯಸ್ಥ ಗ್ಯಾರಿ ಮೆಕಾರ್ಥಿಯನ್ನು ಮೇಯರ್ ವಜಾ ಮಾಡಿದರು. ಕೌಂಟಿಯ ಮುಖ್ಯ ಅಭಿಯೋಜಕಿ ಅನಿತಾ ಅಲ್ವಾರೆಜ್ ಮುಂದಿನ ವರ್ಷದ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಕಳೆದುಕೊಂಡರು. ಮೊಕದ್ದಮೆ ನಡೆಸುವ ಹೊಣೆ ಪಕ್ಕದ ಕೇನ್ ಕೌಂಟಿಯ ಜೋಸೆಫ್ ಮೆಕ್‌ಮಾಹನ್ ಅವರಿಗೆ ವಿಶೇಷ ಅಭಿಯೋಜಕರಾಗಿ ಬಂತು.

ಅಭಿಯೋಜಕರು ಮೊದಲ ದರ್ಜೆಯ ಕೊಲೆಯ ಆರೋಪದ ಜೊತೆಗೆ, ಬಂದೂಕಿನಿಂದ ತೀವ್ರ ಹಲ್ಲೆ ನಡೆಸಿದ ಆರೋಪವನ್ನು 16 ಬಾರಿ ಸೇರಿಸಿದರು. ಇದನ್ನು ಹಲವರು ಭಾವೋದ್ರೇಕದ ತಂತ್ರವೆಂದು ಟೀಕಿಸಿದರೂ ನನಗೆ ಹಾಗೆ ಕಾಣುವುದಿಲ್ಲ. ಪೊಲೀಸ್ ಗುಂಡಿನ ಪ್ರಕರಣಗಳಲ್ಲಿ ಆರೋಪಿಯ ಪರ ವಾದ ಸಾಮಾನ್ಯವಾಗಿ ನಿಲ್ಲುವುದು ಒಂದು ಕ್ಷಣದ ಮೇಲೆ. ಆ ಕ್ಷಣದಲ್ಲಿ ಭಯವಾಯಿತು, ಆ ಕ್ಷಣದಲ್ಲಿ ತೀರ್ಮಾನಿಸಬೇಕಾಯಿತು, ಆಮೇಲೆ ನಡೆದದ್ದೆಲ್ಲ ಅದರದೇ ಮುಂದುವರಿಕೆ ಎಂಬುದು ಅದರ ಸಾರ. ಪ್ರತಿ ಗುಂಡಿಗೂ ಪ್ರತ್ಯೇಕ ಆರೋಪ ಹೊರಿಸಿದಾಗ ಆ ಒಂದು ಕ್ಷಣ ಒಡೆದುಹೋಗುತ್ತದೆ. ಮೊದಲನೆಯ ಗುಂಡಿಗೆ ಭಯ ಕಾರಣವಾಗಿದ್ದರೆ, ನೆಲದ ಮೇಲೆ ಬಿದ್ದಿದ್ದವನಿಗೆ ಹಾರಿಸಿದ ಹತ್ತನೆಯ ಗುಂಡಿಗೆ ಏನು ಕಾರಣ ಎಂದು ಜ್ಯೂರಿ ಕೇಳಿಕೊಳ್ಳಲೇಬೇಕಾಗುತ್ತದೆ.

ನ್ಯಾಯಾಧೀಶ ವಿನ್ಸೆಂಟ್ ಗಾನ್ ಅವರ ಮುಂದೆ ಸೆಪ್ಟೆಂಬರ್ 17ರಂದು ವಿಚಾರಣೆ ಆರಂಭವಾಯಿತು. 12 ಮಂದಿಯ ಜ್ಯೂರಿಯಲ್ಲಿ ಕಪ್ಪು ಸಮುದಾಯದವರು ಒಬ್ಬರೇ ಇದ್ದರು, ಮತ್ತು ಅದರ ಬಗ್ಗೆ ಆಗಲೇ ಆತಂಕ ವ್ಯಕ್ತವಾಗಿತ್ತು. ಹುಡುಗನನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸಿದ್ದ ಜೋಸೆಫ್ ಮೆಕ್‌ಎಲಿಗಟ್ ಎಂಬ ಅಧಿಕಾರಿ ಸಾಕ್ಷಿಕಟ್ಟೆಗೆ ಬಂದು, ಗುಂಡು ಹಾರಿಸುವ ಅಗತ್ಯ ತನಗೆ ಕಾಣಲಿಲ್ಲ ಎಂದು ಹೇಳಿದ. ನನ್ನ ಮಟ್ಟಿಗೆ ಇಡೀ ವಿಚಾರಣೆಯ ಅತ್ಯಂತ ತೂಕದ ಸಾಕ್ಷ್ಯ ಅದು. ಅದೇ ಹುಡುಗ, ಅದೇ ಚಾಕು, ಅದೇ ರಸ್ತೆ. ಅವನ ಹತ್ತಿರವೇ ಹೆಚ್ಚು ಹೊತ್ತು ಇದ್ದ ಅಧಿಕಾರಿಗೆ ಆಗದ ಭಯ ಆಗತಾನೇ ವಾಹನದಿಂದಿಳಿದವನಿಗೆ ಆಯಿತು ಎಂಬುದನ್ನು ವಿವರಿಸುವ ಹೊರೆ ಅಲ್ಲಿಂದ ಮುಂದೆ ಆರೋಪಿಯ ಪರ ವಕೀಲರ ಮೇಲೆ ಬಿತ್ತು.

ಕುಕ್ ಕೌಂಟಿಯ ಮುಖ್ಯ ವೈದ್ಯಕೀಯ ಪರೀಕ್ಷಕಿ ಡಾ. ಪೊನ್ನಿ ಅರುಣ್‌ಕುಮಾರ್ ಅವರು ಗಾಯಗಳನ್ನು ಒಂದೊಂದಾಗಿ ತೋರಿಸುತ್ತ ಹೋದರು. ಆರೋಪಿಯ ಪರವಾಗಿ ಬಂದ ವಿಧಿವಿಜ್ಞಾನ ತಜ್ಞೆ ಡಾ. ಶಕು ಟೀಸ್ ಇದಕ್ಕೆ ವಿರುದ್ಧವಾಗಿ, ಸಾವಿಗೆ ಕಾರಣವಾದದ್ದು ಆರಂಭದಲ್ಲಿಯೇ ತಗುಲಿದ ಗುಂಡು ಎಂಬ ಅಭಿಪ್ರಾಯ ನೀಡಿದರು. ಆ ವಾದದ ಉದ್ದೇಶ ಸ್ಪಷ್ಟ: ಮೊದಲ ಗುಂಡುಗಳು ಸಮರ್ಥನೀಯವೆಂದು ತೋರಿಸಿಬಿಟ್ಟರೆ ಉಳಿದವು ಸಾವಿಗೆ ಸಂಬಂಧಿಸಿದವೇ ಅಲ್ಲ ಎಂದು ಕೈತೊಳೆದುಕೊಳ್ಳಬಹುದು. 16 ಆರೋಪಗಳಿದ್ದದ್ದರಿಂದ ಆ ದಾರಿ ಮುಚ್ಚಿತ್ತು. ಉಳಿದ ಗುಂಡುಗಳು ಕೊಲ್ಲದಿದ್ದರೂ ಹಲ್ಲೆಗಳೇ ಆಗಿದ್ದವು.

ಅಕ್ಟೋಬರ್ 2ರಂದು ವ್ಯಾನ್ ಡೈಕ್ ತಾನೇ ಸಾಕ್ಷಿ ನುಡಿದ. ಹುಡುಗನ ಕಣ್ಣುಗಳು, ಅವನ ಮುಖದ ನಿರ್ಭಾವ ಭಂಗಿ, ಚಾಕು ಎತ್ತಿದ ರೀತಿ ಇವನ್ನೆಲ್ಲ ಹೇಳುತ್ತ ಅವನು ಅತ್ತದ್ದೂ ಉಂಟು. ಆ ಕಣ್ಣೀರು ನಟನೆಯೆಂದು ನಾನು ಹೇಳಲಾರೆ. ಆದರೆ ಅಭಿಯೋಜಕಿ ಜೋಡಿ ಗ್ಲೀಸನ್ ಪಾಟೀಸವಾಲಿನಲ್ಲಿ ವಿಡಿಯೋವನ್ನು ಮುಂದಿಟ್ಟು ಕೇಳಿದಾಗ, ಅವನ ನೆನಪಿಗೂ ದೃಶ್ಯಕ್ಕೂ ತಾಳೆಯಾಗಲಿಲ್ಲ. ಹಿಂದೆ ಸರಿಯುತ್ತಿದ್ದೆನೆಂದು ತಾನು ನಂಬಿದ್ದಾಗಿ ಅವನು ಹೇಳಿದ. ದೃಶ್ಯದಲ್ಲಿ ಅವನು ಮುಂದೆ ಹೆಜ್ಜೆಯಿಟ್ಟಿದ್ದಾನೆ. ವಿಡಿಯೋ ತನ್ನ ಕಣ್ಣಿಗೆ ಕಂಡದ್ದನ್ನು ತೋರಿಸುವುದಿಲ್ಲ ಎಂಬುದು ಅವನ ಸಮರ್ಥನೆ. ಅದಕ್ಕಾಗಿಯೇ ಅವನ ಪರ ವಕೀಲರು ಅವನ ದೃಷ್ಟಿಕೋನದಿಂದ ಘಟನೆಯನ್ನು ಮರುಸೃಷ್ಟಿಸಿದ ಕಂಪ್ಯೂಟರ್ ಅನಿಮೇಷನ್ ಒಂದನ್ನು ಜ್ಯೂರಿಗೆ ತೋರಿಸಿದ್ದರು. ಆದರೆ ಅವರೇ ಕರೆಸಿದ್ದ ಮನಶ್ಶಾಸ್ತ್ರಜ್ಞನಿಂದ ಇನ್ನೊಂದು ಸಂಗತಿ ಹೊರಬಿತ್ತು: ಸ್ಥಳಕ್ಕೆ ಬರುವ ಮೊದಲೇ, ವಾಹನದಲ್ಲಿರುವಾಗಲೇ, ಆ ಹುಡುಗನಿಗೆ ಗುಂಡು ಹೊಡೆಯಬೇಕಾದೀತು ಎಂಬ ಅರ್ಥದ ಮಾತನ್ನು ವ್ಯಾನ್ ಡೈಕ್ ಜೊತೆಗಾರನಿಗೆ ಆಡಿದ್ದ. ಹುಡುಗನನ್ನು ಕಣ್ಣಾರೆ ಕಾಣುವ ಮೊದಲೇ ಆಡಿದ ಆ ಮಾತಿಗೆ ಹುಡುಗನ ಕಣ್ಣುಗಳನ್ನು ಕಾರಣವಾಗಿ ಕೊಡಲು ಬರುವುದಿಲ್ಲ.

ಜ್ಯೂರಿ ಕೊಟ್ಟ ತೀರ್ಪು ಮೊದಲ ದರ್ಜೆಯ ಕೊಲೆಯಲ್ಲ, ಎರಡನೆಯ ದರ್ಜೆಯದು. ಇಲಿನಾಯ್ ರಾಜ್ಯದ ಕಾನೂನಿನಲ್ಲಿ ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಮೊದಲ ದರ್ಜೆಯ ಕೊಲೆಗೆ ಬೇಕಾದ ಅಂಶಗಳೆಲ್ಲ ಸಾಬೀತಾದ ಮೇಲೆಯೇ ಈ ಮೆಟ್ಟಿಲಿಗೆ ಬರುವುದು. ಆತ್ಮರಕ್ಷಣೆಗೆ ಗುಂಡು ಹಾರಿಸುವುದು ಅಗತ್ಯವೆಂದು ಆರೋಪಿ ನಿಜಕ್ಕೂ ನಂಬಿದ್ದ, ಆದರೆ ಆ ನಂಬಿಕೆಗೆ ಸಮಂಜಸವಾದ ಆಧಾರವಿರಲಿಲ್ಲ ಎಂದು ಕಂಡಾಗ ಅಪರಾಧದ ದರ್ಜೆ ಇಳಿಯುತ್ತದೆ. ಎಂದರೆ ಅವನಿಗೆ ಭಯವಾಯಿತೆಂಬುದನ್ನು ಜ್ಯೂರಿ ಒಪ್ಪಿತು, ಆ ಭಯಕ್ಕೆ ಕಾರಣವಿತ್ತೆಂಬುದನ್ನು ಒಪ್ಪಲಿಲ್ಲ. ಆರೋಪಿಯ ಮನಸ್ಸನ್ನು ಅಲ್ಲಗಳೆಯದೆ, ಅವನು ಮಾಡಿದ್ದನ್ನು ಮನ್ನಿಸದೆ ಕೊಟ್ಟ ಈ ತೀರ್ಪನ್ನು ನಾನು ಗೌರವಿಸುತ್ತೇನೆ. ಕರ್ತವ್ಯದಲ್ಲಿ ದುರ್ನಡತೆ ಎಂಬ ಆರೋಪದಿಂದ ಮಾತ್ರ ಅವನನ್ನು ಬಿಟ್ಟು, ಉಳಿದ 16 ಹಲ್ಲೆಯ ಆರೋಪಗಳಲ್ಲಿಯೂ ತಪ್ಪಿತಸ್ಥನೆಂದರು.

ಇನ್ನು ಶಿಕ್ಷೆಯ ವಿಷಯ. ಎರಡನೆಯ ದರ್ಜೆಯ ಕೊಲೆಗೆ 4ರಿಂದ 20 ವರ್ಷ ಸೆರೆವಾಸ, ಬೇಕಿದ್ದರೆ ಜೈಲೇ ಇಲ್ಲದ ಪರಿವೀಕ್ಷಣೆ. ಬಂದೂಕಿನಿಂದ ತೀವ್ರ ಹಲ್ಲೆಗೆ ಪ್ರತಿ ಆರೋಪಕ್ಕೆ 6ರಿಂದ 30 ವರ್ಷ, ಪರಿವೀಕ್ಷಣೆಯ ಅವಕಾಶವಿಲ್ಲ. ಕೊಂದದ್ದಕ್ಕಿಂತ ಗಾಯಗೊಳಿಸಿದ್ದಕ್ಕೆ ಹೆಚ್ಚು ಶಿಕ್ಷೆಯಾಗುವ ಈ ವಿಚಿತ್ರ ಪರಿಸ್ಥಿತಿಗೆ ಶಾಸನ ರಚಿಸಿದವರೇ ಹೊಣೆ. 2019ರ ಜನವರಿ 18ರಂದು ನ್ಯಾಯಾಧೀಶ ಗಾನ್, ಗುಂಡು ತಗುಲುವುದಕ್ಕಿಂತ ಗುಂಡಿನಿಂದ ಸಾಯುವುದೇ ಹೆಚ್ಚು ಗಂಭೀರವೆಂಬುದು ಸಾಮಾನ್ಯ ತಿಳಿವಳಿಕೆಯ ಮಾತು ಎಂದು ಹೇಳಿ, ಹಲ್ಲೆಯ 16 ಆರೋಪಗಳನ್ನೂ ಕೊಲೆಯ ಆರೋಪದಲ್ಲಿ ವಿಲೀನಗೊಳಿಸಿದರು. ಶಿಕ್ಷೆ 81 ತಿಂಗಳು, ಅಂದರೆ ಆರು ವರ್ಷ ಒಂಬತ್ತು ತಿಂಗಳು. ಅಭಿಯೋಜಕರು ಕೇಳಿದ್ದು 18ರಿಂದ 20 ವರ್ಷ.

ನ್ಯಾಯಾಧೀಶರ ತರ್ಕವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಾವು ಗಾಯಕ್ಕಿಂತ ದೊಡ್ಡದು ಎಂಬುದರಲ್ಲಿ ತಪ್ಪೇನಿದೆ? ಆದರೆ ದೊಡ್ಡದಾದ ಅಪರಾಧ ಎಂದು ಹೆಸರಿಸಿ ಚಿಕ್ಕದಾದ ಶಿಕ್ಷೆಯನ್ನು ಆರಿಸಿಕೊಳ್ಳುವಾಗ, ಆ ಗಂಭೀರತೆಯ ಫಲ ಸಿಕ್ಕುವುದು ಸತ್ತವನಿಗಲ್ಲ, ಕೊಂದವನಿಗೆ. ನೆಲದ ಮೇಲೆ ಬಿದ್ದಿದ್ದವನಿಗೆ ತಗುಲಿದ ಗುಂಡುಗಳ ಬಗ್ಗೆ ಜ್ಯೂರಿ ಪ್ರತ್ಯೇಕವಾಗಿ ಯೋಚಿಸಿ ಕೊಟ್ಟ ಉತ್ತರಗಳಿಗೆ ಒಂದು ದಿನದ ಶಿಕ್ಷೆಯೂ ಅಂಟಲಿಲ್ಲ. ಹಿಂದಿನ ದಿನವಷ್ಟೇ, ಅದೇ ನಗರದಲ್ಲಿ, ಸುಳ್ಳು ವರದಿಗಳನ್ನು ಬರೆದು ವ್ಯಾನ್ ಡೈಕ್‌ನನ್ನು ಕಾಪಾಡಲು ಸಂಚು ನಡೆಸಿದ ಆರೋಪ ಹೊತ್ತಿದ್ದ ಮೂವರು ಪೊಲೀಸರನ್ನು ನ್ಯಾಯಾಧೀಶೆ ಡೊಮೆನಿಕಾ ಸ್ಟೀಫನ್ಸನ್ ಖುಲಾಸೆ ಮಾಡಿದ್ದರು. ಆ ಮೂವರಲ್ಲಿ ಒಬ್ಬನು ವ್ಯಾನ್ ಡೈಕ್‌ನ ಜೊತೆಗಾರನೇ. ಅವರು ಆರಿಸಿಕೊಂಡಿದ್ದು ಜ್ಯೂರಿಯಿಲ್ಲದ, ನ್ಯಾಯಾಧೀಶರೊಬ್ಬರೇ ತೀರ್ಮಾನಿಸುವ ವಿಚಾರಣೆ.

ವಿಶೇಷ ಅಭಿಯೋಜಕರೂ ರಾಜ್ಯದ ಅಟಾರ್ನಿ ಜನರಲ್ ಕ್ವಾಮೆ ರಾವುಲ್ ಅವರೂ ಸೇರಿ, ಹಲ್ಲೆಯ ಆರೋಪಗಳ ಮೇಲೆ ಹೊಸದಾಗಿ ಶಿಕ್ಷೆ ವಿಧಿಸಲು ಆದೇಶಿಸಬೇಕೆಂದು ಇಲಿನಾಯ್ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. 2019ರ ಮಾರ್ಚ್‌ನಲ್ಲಿ ಕೋರ್ಟು ಅದನ್ನು ನಿರಾಕರಿಸಿತು. ನ್ಯಾಯಮೂರ್ತಿಗಳಲ್ಲಿ ಒಮ್ಮತವಿರಲಿಲ್ಲ, ಆದರೂ ಬಹುಮತದವರು ತಮ್ಮ ಕಾರಣಗಳನ್ನು ಬರೆಯಲಿಲ್ಲ. ಶಿಕ್ಷೆಯ ಅರ್ಧದಷ್ಟು ಕಳೆಯುವ ಹೊತ್ತಿಗೆ, 2022ರ ಫೆಬ್ರುವರಿ 3ರಂದು, ವ್ಯಾನ್ ಡೈಕ್ ಬಿಡುಗಡೆಯಾದ. ಆ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಅಭಿಯೋಜಕರು ನಾಗರಿಕ ಹಕ್ಕುಗಳ ಕಾನೂನಿನಡಿ ಹೊಸ ಮೊಕದ್ದಮೆ ಹೂಡುವುದಿಲ್ಲವೆಂದು ಪ್ರಕಟಿಸಿದಾಗ, ಭಯ ಅಥವಾ ತಪ್ಪು ನಿರ್ಣಯದಿಂದಲ್ಲ, ಬೇಕೆಂದೇ ಕಾನೂನು ಮುರಿದನೆಂದು ಸಾಬೀತುಪಡಿಸುವುದು ಎಷ್ಟು ಕಷ್ಟವೆಂಬುದನ್ನಾದರೂ ವಿವರಿಸಿದರು. ನಾನು ಅದನ್ನು ಓದಿದೆ, ಒಪ್ಪಲಿಲ್ಲ, ಆದರೆ ವಾದಿಸಲು ಎದುರಿಗೆ ಒಂದು ಕಾರಣವಿತ್ತು. 16 ಆರೋಪಗಳ ವಿಷಯದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಬಹುಮತ ಆ ಕುಟುಂಬಕ್ಕೂ ಆ ಹನ್ನೆರಡು ಮಂದಿ ಜ್ಯೂರಿಗಳಿಗೂ ಅಷ್ಟನ್ನೂ ಬರೆದುಕೊಡಲಿಲ್ಲ.